ತಾಯಿಯನ್ನು ಕೇಳದೆ ತೆಗೆಸಿದ ರಕ್ತ

ಚಾಮಯ್ಯ, ವಸಂತಮ್ಮ ದಂಪತಿ ಕುಲದ ಯಜಮಾನರ ಮುಂದೆ ಮದುವೆಯಿಂದ ಬಿಡುಗಡೆ ಮಾಡಿಕೊಂಡ ದಿನ ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಮಗು ತಾಯಿಯ ಹತ್ತಿರ ಬೆಳೆಯಲಿ, ಭಾನುವಾರ ತಂದೆ ಕರೆದುಕೊಂಡು ಹೋಗಲಿ ಎಂದು ತೀರ್ಮಾನವಾಯಿತು. ಕೈಯಲ್ಲಿ ವೀಳ್ಯ ಹಿಡಿದು ಚಾಮಯ್ಯ ಮಾತು ಕೊಟ್ಟ: “ನಿನ್ನ ಕೇಳ್ದೆ ಮಗೀಗೆ ಏನೂ ಮಾಡ್ಸಾಕಿಲ್ಲ.”

ಈಗ ಮಗು ಮಹದೇವನಿಗೆ ಮೂರನೆಯ ವರ್ಷ. ಮೊದಲ ಮುಡಿ ತಂದೆಯ ಮನೆದೇವರಿಗೇ ಸಲ್ಲಬೇಕು, ಅದು ಅವರ ಪದ್ಧತಿ. ದಿನ ಗೊತ್ತುಮಾಡುವಾಗ ಚಾಮಯ್ಯನ ತಾಯಿ ಶಿವನಂಜಮ್ಮ ಅಡ್ಡ ಬಂದರು. ಮಗುವಿನ ಮೂಗು ತಮ್ಮ ಮನೆಯದಲ್ಲ, ಬಣ್ಣವೂ ಅಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗಿದರು.

“ಯಾರ ಕೂಸು ಅಂತ ಗೊತ್ತಿಲ್ದೆ ನಮ್ಮನೆದ್ಯಾವ್ರಿಗೆ ಎಂಗ್ಲಾ ಮುಡಿ ಕೊಡದು? ದ್ಯಾವ್ರು ಸುಮ್ಕಿದ್ದಾನಾ?”

ಚಾಮಯ್ಯನಿಗೆ ನೆಮ್ಮದಿ ಹೋಯಿತು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಕೈ ಕೆಲಸದ ಮೇಲೆ, ಮನಸ್ಸು ಮಗುವಿನ ಮೂಗಿನ ಮೇಲೆ. ಚೀನಾ ಯುದ್ಧದ ಕಾಲದಲ್ಲಿ ರಕ್ತ ಕೊಟ್ಟಾಗ ತನ್ನದು ಬಿ ಗುಂಪು ಎಂದು ಅವನಿಗೆ ತಿಳಿದಿತ್ತು. ಮಗುವಿನದೂ ಬಿ ಬಂದರೆ ನಿನ್ನದೇ, ಬೇರೆ ಬಂದರೆ ಅಲ್ಲ ಎಂದು ಜೊತೆಯವನೊಬ್ಬ ತಲೆಗೆ ತುಂಬಿದ.

ಮುಂದಿನ ಭಾನುವಾರ ಮೃಗಾಲಯ ತೋರಿಸುತ್ತೇನೆಂದು ಚಾಮಯ್ಯ ಮಗುವನ್ನು ಕರೆದೊಯ್ದ. ಹೋದದ್ದು ಒಂದು ಖಾಸಗಿ ಪರೀಕ್ಷಾಲಯಕ್ಕೆ. ತಾಯಿಗೆ ಗೊತ್ತೇ ಎಂದು ಅಲ್ಲಿ ಯಾರೂ ಕೇಳದೆ ಮಗುವಿನ ಬೆರಳು ಚುಚ್ಚಿ ರಕ್ತ ತೆಗೆದರು. ಸಂಜೆ ಮಗುವನ್ನು ಮರಳಿ ಬಿಡುವಾಗ ಬೆರಳಿಗೆ ಏನಾಯಿತೆಂದು ವಸಂತಮ್ಮ ಕೇಳಿದರೆ, ಆಡುವಾಗ ತರಚಿತು ಎಂದುಬಿಟ್ಟ.

ಮಗುವಿನದು ಓ ಗುಂಪು ಎಂದು ತಿಳಿಯಿತು. ಚಾಮಯ್ಯ ತನ್ನ ತಾಯಿಯನ್ನೂ ಕರೆದುಕೊಂಡು ನೇರವಾಗಿ ವಸಂತಮ್ಮನಿದ್ದ ವಿದ್ಯಾರಣ್ಯಪುರಕ್ಕೆ ಬಂದ. ವಸಂತಮ್ಮ ಜಗಲಿಯಲ್ಲಿ ಊದಿನಕಡ್ಡಿ ಹೊಸೆಯುತ್ತಿದ್ದಳು. ಮಗು ತಮ್ಮ ಮಗನದಲ್ಲ ಎಂದು ಶಿವನಂಜಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ವಸಂತಮ್ಮ ಇದ್ದಿಲಿನ ಕಪ್ಪು ಮೆತ್ತಿದ ಕೈಯಲ್ಲೇ ಮಗುವನ್ನು ಎಳೆದುಕೊಂಡು ಮಡಿಲಲ್ಲಿ ಕೂರಿಸಿಕೊಂಡಳು. ಪಕ್ಕದ ಮನೆಯಿಂದ ಗಿರಿಜಾಂಬಾ ಬಂದರು. ಅವರು ಹೆರಿಗೆ ಆಸ್ಪತ್ರೆಯ ನರ್ಸ್. ಮಹದೇವ ಹುಟ್ಟಿದಾಗ ಜೊತೆಯಲ್ಲಿದ್ದವರು. ನಡೆದದ್ದನ್ನೆಲ್ಲ ಕೇಳಿಕೊಂಡು ವಸಂತಮ್ಮನ ಕಡೆ ತಿರುಗಿದರು.

“ನಿನ್ನ ರಕ್ತದ ಗುಂಪು ಇವರಿಗೆ ಹೇಳ್ಲೇನಮ್ಮಾ? ಬೇಡ ಅಂದ್ರೆ ಹೇಳಲ್ಲ.”

“ಹೇಳಿ ನರ್ಸಮ್ಮ.”

ವಸಂತಮ್ಮನದು ಎ ಗುಂಪು. ಗಿರಿಜಾಂಬಾ ಬಿಡಿಸಿ ಹೇಳಿದರು. ಮಗುವಿಗೆ ಬರುವುದು ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು. ಎ ಗುಂಪಿನವರ ಒಳಗೂ, ಬಿ ಗುಂಪಿನವರ ಒಳಗೂ ಓ ಅಡಗಿರಬಹುದು. ಎರಡು ಕಡೆಯಿಂದಲೂ ಅದೇ ಬಂದರೆ ಮಗು ಓ.

“ಅಂಗಾರೆ ಇವ್ನು ನನ್ ಮಗ್ನೇ ಅಂತ ಆಯ್ತಾ?” ಎಂದ ಚಾಮಯ್ಯ.

“ಅದನ್ನೂ ಈ ಪರೀಕ್ಷೆ ಹೇಳಲ್ಲ ಕಣ್ರೀ. ಕೆಲವು ಸಲ ‘ಇವರಲ್ಲ’ ಅನ್ನುತ್ತೆ. ‘ಇವರೇ’ ಅಂತ ಯಾವತ್ತೂ ಅನ್ನಲ್ಲ. ಮದುವೆಯಲ್ಲಿ ಹುಟ್ಟಿದ ಮಗುವನ್ನ ಕಾನೂನು ಗಂಡನ ಮಗು ಅಂತಲೇ ನೋಡುತ್ತೆ. ಬೇರೆಯಾದ್ರಿ ಅಂತ ಅದು ಬದಲಾಗಲ್ಲ.”

ಶಿವನಂಜಮ್ಮ ಸೋಲಲಿಲ್ಲ. ಮೂಗು ಯಾರದು ಹಾಗಾದರೆ ಎಂದರು.

“ನಮ್ಮಪ್ಪುಂದು ಕಣತ್ತೆ,” ಎಂದಳು ವಸಂತಮ್ಮ. “ಮದ್ವೇಲಿ ಅವ್ರ ಪಕ್ಕದಲ್ಲೇ ಕೂತು ಉಂಡ್ರಲ್ಲ, ನೋಡ್ನಿಲ್ವಾ?”

ಶಿವನಂಜಮ್ಮ ಮಗುವಿನ ಮುಖ ನೋಡಿದರು, ಬೀಗರ ಮೂಗು ನೆನಪಿಗೆ ಬಂತು. ಆಮೇಲೆ ಸೋಮವಾರ ಮುಡಿ ಕೊಡೋಣ ಎಂದು ಮೆಲ್ಲಗೆ ಹೇಳಿದರು.

ವಸಂತಮ್ಮ ಚಾಮಯ್ಯನನ್ನು ನೋಡಿದಳು. “ಕೇಳ್ಬೋದಿತ್ತಲ್ಲ. ಕೇಳಿದ್ರೆ ನಾನೇ ನರ್ಸಮ್ಮನ ತಾವ ಕರ್ಕೊಂಡೋಗ್ತಿದ್ದೆ. ಮಗೀನ ಅಳ್ಸಿ, ನಂಗೆ ಸುಳ್ಳೇಳಿ, ಏನು ಸಿಕ್ತು?”



ಅಕ್ಕಂದಿರೇ, ಅಣ್ಣಂದಿರೇ, ಗಂಡಹೆಂಡಿರು ಬೇರೆಯಾಗಬಹುದು. ಮಗುವಿಗೆ ತಾಯಿ ತಂದೆ ಇಬ್ಬರೂ ಉಳಿಯುತ್ತಾರೆ. ಅನುಮಾನ ಬಂದರೆ ಮೊದಲು ತಿಳಿದವರನ್ನು ಕೇಳಿ. ರಕ್ತದ ಗುಂಪು ಬೇರೆ ಎಂದ ಮಾತ್ರಕ್ಕೆ ಹೆಣ್ಣಿನ ಮೇಲೆ ಅಪವಾದ ಹೊರಿಸಬೇಡಿ. ಮಗುವಿನ ಬೆರಳಿಗೆ ಸೂಜಿ ತಾಗಿಸುವ ಮುಂಚೆ, ಅದನ್ನು ಸಾಕುತ್ತಿರುವವರ ಒಪ್ಪಿಗೆ ಪಡೆಯಿರಿ. ಕದ್ದು ಮಾಡಿಸಿದ ಪರೀಕ್ಷೆಯಿಂದ ಯಾವ ಮನೆಗೂ ನೆಮ್ಮದಿ ಸಿಗುವುದಿಲ್ಲ.

ಸೋಮವಾರ ಮಹದೇವನ ಮುಡಿ ಮನೆದೇವರಿಗೆ ಸಂದಿತು. ವಸಂತಮ್ಮನೂ ಹೋಗಿದ್ದಳು. ಈಗ ಭಾನುವಾರ ಅವಳು ಮಗುವನ್ನು ತಂದೆಯ ಜೊತೆ ಒಂಟಿಯಾಗಿ ಕಳುಹಿಸುವುದಿಲ್ಲ, ತಾನೂ ಹೋಗುತ್ತಾಳೆ. ವೀಳ್ಯ ಹಿಡಿದು ಕೊಟ್ಟ ಮಾತನ್ನು ಚಾಮಯ್ಯ ಮುರಿದಿದ್ದನಲ್ಲ.