ಗೋಡೆಗೆ ಮುಖ ಮಾಡಿದ ಹಳದಿ ಅಂಗಿ

ಗುಂಯ್ ಅನ್ನುತ್ತಿರುವುದು ಫ್ಯಾನಲ್ಲ, ಕಂಪ್ಯೂಟರು, ಮಧ್ಯಾಹ್ನದಿಂದ ಕಾಲಿನ ಮೇಲೆ ಬಿಸಿಗಾಳಿ ಉಗುಳುತ್ತಿದೆ, ಪಿಂಕಿ ಹಾಲು ತರಲು ಕೆಳಗಿಳಿದಳು — ಅವ್ವಾ, ನಾ ಬರೂದ್ರಾಗ ಈ ಕ್ಲಿಪ್ ನೋಡು, ಹೆಂಗೈತಿ ಹೇಳು, ಪೂರಾ ನೋಡಬೇಕ ಮತ್ತ — ನೋಡುತ್ತಿದ್ದೇನೆ ತಾಯಿ, ವಾರಕ್ಕೊಂದೇ ರಜೆ, ಪಟಾನ್‌ಚೆರುವಿನ ಕಾರ್ಖಾನೆಯ ಮಾತ್ರೆಗಳ ಕಹಿ ಇನ್ನೂ ಬೆರಳಲ್ಲಿದೆ, ಆಟದೊಳಗಿನ ಹಳದಿ ಅಂಗಿಯ ಗೊಂಬೆ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತಿದೆ, ಆಡಿಸುತ್ತಿರುವವಳು ನನ್ನ ಮಗಳು, ಮೇಲೆ ಅವಳ ಪಟಪಟ ತೆಲುಗು, ಎಷ್ಟು ಚೆಂದ ಮಾತಾಡುತ್ತಾಳೆ, ಆಡೂದ ಒಂದ್ ಹುಚ್ಚು, ಅದನ್ನ ರೆಕಾರ್ಡ್ ಮಾಡೂದ ಇನ್ನೊಂದು ಹುಚ್ಚು ಅಂತ ಇವರು ನಗುತ್ತಾರೆ, ನಗಲಿ, ಅಗೋ ಹಾರಿತು, ಮತ್ತೆ ಹಾರಿತು — ತೆಲುಗಿನ ಹಿಂದೆ ಯಾರೋ ಮಾತಾಡುತ್ತಿದ್ದಾರೆ, ಕನ್ನಡ, ಯಾರದು, ನನ್ನದೇ ದನಿ. ಮೊನ್ನೆ ಅಹಲ್ಯಕ್ಕನ ಫೋನು, ಅಡುಗೆಮನೆಗೂ ಕಂಪ್ಯೂಟರಿಗೂ ನಡುವೆ ಒಂದು ಪರದೆ, ಪಿಂಕಿಯ ಕಿವಿಗೆ ಹೆಡ್‌ಫೋನಿತ್ತಲ್ಲ, ಹತ್ತು ಸಲ ಕರೆದರೂ ಊಟಕ್ಕೆ ಏಳದವಳು, ಬಾಯಿ ಮುಂದಿನ ಮೈಕು ಕೇಳಿಸಿಕೊಳ್ಳುತ್ತದೆಂದು ನನಗೆ ಹೊಳೆಯಲಿಲ್ಲ — ಈಕಿ ಒಬ್ಬಾಕಿ ಇರಲಿಲ್ಲಂದ್ರ ಎಂದೋ ಎಲ್ಲಾ ಬಿಟ್ಟು ಹೋಗಿರ್ತಿದ್ದೆ ಅಕ್ಕಾ, ಕಾಲಿಗಿ ಕಟ್ಟಿದ ಕಲ್ಲ ಆಗ್ಯಾಳ ನೋಡು —

ಹಳದಿ ಅಂಗಿ ನಿಂತುಬಿಟ್ಟಿದೆ, ಗೋಡೆಗೆ ಮುಖ ಮಾಡಿ, ಹಿಂದಿನಿಂದ ಯಾರೋ ಹೊಡೆಯುತ್ತಿದ್ದಾರೆ, ತಿರುಗು, ಓಡು, ತೆಲುಗೂ ನಿಂತಿದೆ, ನನ್ನ ದನಿಯೊಂದೇ ಹೋಗುತ್ತಿದೆ, ದಣಿದಿದ್ದೆ ಪಿಂಕಿ, ಅವತ್ತು ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಬಾಯಿಗೆ ಬಂದದ್ದು ಆಡಿದೆ, ಇದನ್ನು ಅಳಿಸುವುದು ಹೇಗೆ, ಯಾವುದನ್ನು ಒತ್ತಬೇಕು, ಒತ್ತಿದರೆ ನಾನು ಕೇಳಿದೆನೆಂದು ಅವಳಿಗೆ ತಿಳಿಯುತ್ತದೆ, ನೋಡಿಲ್ಲ ಅಂದರೆ ಪಕ್ಕ ಕೂತು ಮೊದಲಿನಿಂದ ಹಚ್ಚುತ್ತಾಳೆ, ಅವಳಿಗೆ ಗೊತ್ತಾಗಿರಲಿಕ್ಕಿಲ್ಲ, ಆಟದ ಗದ್ದಲದಲ್ಲಿ ಗಮನಿಸಿರಲಿಕ್ಕಿಲ್ಲ — ನಿನ್ನ ಕುಕ್ಕರ್ ಸೀಟಿ ತಗಿಯೂದ್ರಾಗ ಸಾಕಾತವ್ವಾ, ನಿನ್ನೆ ತಾನೇ ಬೈದಿದ್ದಳು, ಅಪ್ಪನ ಸೀನು, ಕೆಳಗಿನ ತರಕಾರಿ ಗಾಡಿಯವನ ಕೂಗು, ಕ್ಲಿಪ್ಪಿನೊಳಗಿಂದ ಒಂದೊಂದನ್ನೇ ಹೆಕ್ಕಿ ತೆಗೆಯುವವಳು. ಸೀಟಿ ತೆಗೆದಿದ್ದಾಳೆ. ಸೀನು ತೆಗೆದಿದ್ದಾಳೆ. ಇದನ್ನು ಬಿಟ್ಟಿದ್ದಾಳೆ. ಪೂರಾ ನೋಡಬೇಕ ಮತ್ತ. ಮೆಟ್ಟಿಲ ಮೇಲೆ ಅವಳ ಚಪ್ಪಲಿ, ಚಟ್ ಚಟ್, ಏನು ಹೇಳಲಿ, ಭಾಳ ಚೊಲೋ ಆಗೇತಿ ಅನ್ನಲೇ, ಬಾ ಇಲ್ಲಿ ಅನ್ನಲೇ, ಬಾಗಿಲು ಸರಿಯುತ್ತಿದೆ, ನೋಡಿದೇನವ್ವಾ, ಹಳದಿ ಅಂಗಿ, ಹೊಡೆಯುತ್ತಲೇ ಇದ್ದಾರೆ, ಅದು ತಿರುಗುತ್ತಿಲ್ಲ, ಗೋಡೆಗೆ ಮುಖ ಮಾಡಿ, ಹಳದಿ ಅಂಗಿ —