ಬಿಟ್ಟು ಓದಿದ ಪುಟಗಳು

ಗಡಿಯಾರ ರಿಪೇರಿಯವನಿಗೆ ಸಂಜೆಯಾದರೆ ಅಕ್ಷರ ಕಂಡರಾಗುತ್ತಿರಲಿಲ್ಲ. ಬೆಳಗಿನಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವ ಕೆಲಸ. ಮನೆಗೆ ಬಂದು ಪೇಪರ್ ಹಿಡಿದರೆ ಸಾಲುಗಳೆಲ್ಲ ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ಅವನ ಹೆಂಡತಿಯದು ಇದಕ್ಕೆ ತದ್ವಿರುದ್ಧ. ಹಲ್ಲಿನ ಆಸ್ಪತ್ರೆಯ ಮುಂಭಾಗದಲ್ಲಿ ಕೂತು ಬಂದವರ ಹೆಸರು ಬರೆದುಕೊಂಡು, ಒಬ್ಬೊಬ್ಬರನ್ನೇ ಒಳಗೆ ಕಳಿಸುವ ಕೆಲಸ ಅವಳದು. ಇಬ್ಬರು ರೋಗಿಗಳ ನಡುವೆ ಐದು ನಿಮಿಷ ಸಿಕ್ಕರೆ ಮೇಜಿನ ಕೆಳಗಿಂದ ಪುಸ್ತಕ ಮೇಲೆ ಬರುತ್ತಿತ್ತು. ಬಸ್ಸಿನಲ್ಲಿ ನಿಂತುಕೊಂಡೂ ಓದುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಒಲೆಯ ಮುಂದೆಯೂ ಓದಿ ಎರಡು ಪಾತ್ರೆ ಸೀಯಿಸಿದಳು. ಮೂರನೆಯದು ಸೀದ ದಿನ ಅವನು ಅವಳ ಕೈಯಿಂದ ಸೌಟು ತೆಗೆದುಕೊಂಡ.

"ನೀನು ಓದ್ಕೋ, ಒಲೆ ನನಗೆ ಬಿಡು. ಆದ್ರೆ ಗಟ್ಟಿಯಾಗಿ ಓದು, ನನಗೂ ಕೇಳ್ಲಿ."

ಹೀಗೆ ಶುರುವಾದದ್ದು ಹನ್ನೊಂದು ವರ್ಷ ನಡೆಯಿತು. ಕೆಲಸದ ದಿನಗಳಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಬೇಡುವ ಅಡುಗೆಗೆ ಅವನು ಕೈ ಹಾಕುತ್ತಿರಲಿಲ್ಲ. ಒಂದು ದಿನ ಅಕ್ಕಿ, ಬೇಳೆ, ಇದ್ದಬದ್ದ ತರಕಾರಿ ಎಲ್ಲ ಒಂದೇ ಕುಕ್ಕರಿಗೆ. ಇನ್ನೊಂದು ದಿನ ಈರುಳ್ಳಿ, ಟೊಮೆಟೊ ಹುರಿದು ಅದರ ಮೇಲೆ ನಾಲ್ಕು ಮೊಟ್ಟೆ. ಶುಕ್ರವಾರ ಬೇಯಿಸಿದ ಆಲೂಗಡ್ಡೆಗೆ ಮೆಣಸಿನ ಪುಡಿ, ಬೆಣ್ಣೆ. ಅವಳು ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕಾಲು ಮೇಲೆತ್ತಿ ಕೂತು ಓದುತ್ತಿದ್ದಳು. ಕುಕ್ಕರ್ ಕೂಗುವಾಗ ನಿಲ್ಲಿಸಿ, ಸದ್ದಡಗಿದ ಮೇಲೆ ಮತ್ತೆ ಹಿಡಿಯುತ್ತಿದ್ದಳು.

ಕಷ್ಟವೆಂದರೆ ಅವನ ಪ್ರಶ್ನೆಗಳು. ಕಥಾನಾಯಕಿ ಕಣ್ಣೀರು ಸುರಿಸುವ ಹೊತ್ತಿಗೆ ಸೌಟು ಹಿಡಿದು ತಿರುಗಿ ನಿಲ್ಲುತ್ತಿದ್ದ.

"ತಡಿ ತಡಿ. ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತಲ್ವಾ? ಇವನು ಹ್ಯಾಗೆ ಒಳಗೆ ಬಂದ?"

"ಬಂದ ರೀ. ಈಗ ಅದು ಮುಖ್ಯ ಅಲ್ಲ."

"ಮುಖ್ಯ ಅಲ್ಲ ಅಂದ್ರೆ? ಚಿಲಕ ಎಂಥದು ಅಂತ ಬರೆದಿದಾರಾ?"

ಕಳೆದ ವರ್ಷ ಅವಳು ಎಂಟುನೂರು ಪುಟದ ಕಾದಂಬರಿಯೊಂದನ್ನು ಹಿಡಿದಳು. ಹೊಳೆ ದಾಟಿಸುವ ಅಂಬಿಗ, ಅವನ ಇಬ್ಬರು ಹೆಣ್ಣುಮಕ್ಕಳು, ಆ ಊರಿಗೆ ಬರುವ ಸೇತುವೆ, ಇದು ಕಥೆ. ದಿನಕ್ಕೆ ಒಂದೇ ಅಧ್ಯಾಯ, ಅದರಲ್ಲೂ ಹತ್ತು ಪ್ರಶ್ನೆ. ದೊಡ್ಡ ಮಗಳು ಮನೆ ಬಿಟ್ಟು ಹೋದಳೋ ಇಲ್ಲವೋ ತಿಳಿಯದೆ ಅವಳಿಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಕದ್ದು ಮುಂದಕ್ಕೆ ಓದಿದಳು. ವಾರದೊಳಗೆ ಪುಸ್ತಕವೇ ಮುಗಿಯಿತು.

ಆಮೇಲೆ ಸಂಜೆಯ ಓದು ಅವಳಿಗೆ ತಂಗಳಾಯಿತು. ಮೊದಮೊದಲು ಒಂದೆರಡು ಸಾಲು ಹಾರಿಸಿದಳು, ನಂತರ ಪ್ಯಾರಾ, ಬರಬರುತ್ತಾ ಪುಟಗಟ್ಟಲೆ. ಅವನಿಗೆ ಗೊತ್ತಾಗಲಿಲ್ಲ. "ಈ ಪುಸ್ತಕ ಚೆನ್ನಾಗಿ ಓಡುತ್ತೆ ಕಣೆ," ಎಂದ. ಅವಳು ಪುಸ್ತಕ ಅಡ್ಡ ಹಿಡಿದು ನಗು ಮುಚ್ಚಿಕೊಂಡಳು.

ಸೇತುವೆ ಕಟ್ಟುವ ಭಾಗವನ್ನಂತೂ ಅವಳು ತನಗಾಗಿ ಓದುವಾಗಲೇ ಸರಸರನೆ ಮಗುಚಿದ್ದಳು. ನಾಲ್ಕು ಅಧ್ಯಾಯ, ಹತ್ತಿರ ಹತ್ತಿರ ಐವತ್ತು ಪುಟ. ಆ ಸಂಜೆ ಅಷ್ಟನ್ನೂ ಬಿಟ್ಟು, ತನ್ನದೇ ಒಂದು ವಾಕ್ಯ ಕಟ್ಟಿ ಓದಿದಳು: "ಎರಡು ವರ್ಷದಲ್ಲಿ ಸೇತುವೆ ಎದ್ದಿತು, ಅಂಬಿಗನ ದೋಣಿ ದಡ ಸೇರಿತು."

ಅವನು ಒಲೆಯ ಉರಿ ತಗ್ಗಿಸಿ ತಿರುಗಿದ. "ಇಷ್ಟು ಬೇಗ? ಹ್ಯಾಗೆ ಕಟ್ಟಿದ್ರು ಅಂತ ಬರೆದಿಲ್ವಾ?"

"ಇಲ್ಲ ರೀ."

"ಹೋಗ್ಲಿ ಬಿಡು. ಬರೆಯೋರಿಗೆ ಅದೆಲ್ಲ ಎಲ್ಲಿ ಗೊತ್ತಿರತ್ತೆ ಪಾಪ."

ಪುಸ್ತಕ ಮುಗಿದ ಮೇಲೊಂದು ಬುಧವಾರ ಅವಳ ತಂಗಿ ಕೆಲಸದಿಂದ ನೇರ ಇಲ್ಲಿಗೇ ಬಂದಳು. ನರ್ಸು ಅವಳು, ಅಕ್ಕನಷ್ಟೇ ಓದಿನ ಹುಚ್ಚು. ಅಡುಗೆಮನೆಯ ಸಣ್ಣ ಮೇಜಿಗೆ ಮೂವರೂ ಊಟಕ್ಕೆ ಕೂತರು. ಶೆಲ್ಫಿನ ಮೇಲಿದ್ದ ಪುಸ್ತಕ ನೋಡಿ ತಂಗಿ ಕೇಳಿದಳು, "ಭಾವ, ಇದನ್ನ ಕೇಳಿದ್ರಾ? ಓದುವಾಗೆಲ್ಲ ನಿಮ್ಮದೇ ನೆನಪು ನನಗೆ."

"ನನ್ನ ನೆನಪು ಯಾಕೆ?"

"ಆ ಸೇತುವೆ ಭಾವ! ಹಗ್ಗ, ರಾಟೆ, ಕಂಬ ಇಳಿಸೋಕೆ ನೀರನ್ನೇ ತಡೆದು ನಿಲ್ಲಿಸ್ತಾರಲ್ಲ, ಒಂದೊಂದು ಮೊಳೆಯ ಲೆಕ್ಕ ಬರೆದಿದಾನೆ. ಇದು ಭಾವನಿಗೇ ಬರೆದ ಹಾಗಿದೆ ಅಂದ್ಕೊಂಡೆ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದಳು. ಆಗ ಅವಳು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಅದು ತಮಾಷೆಯಲ್ಲಿ ಮುಗಿದು ಹೋಗುತ್ತಿತ್ತೇನೋ.

"ಹೌದೌದು," ಎಂದ ಅವನು ತಂಗಿಗೆ. "ಅವಳು ಓದಿದ್ಲು. ಬಾಣಲೆ ಸದ್ದಲ್ಲಿ ನನಗೇ ಸರಿಯಾಗಿ ಕೇಳಿಸಿಲ್ಲ."

ಮಾರನೆಯ ಸಂಜೆ ಅವಳು ಹೊಸ ಪುಸ್ತಕ ಹಿಡಿದು ಅಡುಗೆಮನೆಗೆ ಬರುವ ಹೊತ್ತಿಗೆ ರೇಡಿಯೋ ಹಾಡುತ್ತಿತ್ತು. ಅದಕ್ಕೂ ಮಾರನೆಯ ದಿನವೂ. ಅವನು ಮುಖ ಗಂಟಿಕ್ಕಲಿಲ್ಲ, ಮಾತು ಬಿಡಲಿಲ್ಲ. ಉಪ್ಪು ಸರಿಯಾಗಿದೆಯಾ ಎಂದು ಎಂದಿನಂತೆ ಅವಳ ಅಂಗೈಗೆ ಒಂದು ಹನಿ ಹಾಕುತ್ತಿದ್ದ. ಕೂಗಾಡಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ. ಸ್ಟೂಲಿನಲ್ಲಿ ಕೂತು ಮನಸ್ಸಿನಲ್ಲೇ ಓದಲು ನೋಡುತ್ತಿದ್ದಳು, ಓದಿದ ಪುಟವನ್ನೇ ಮತ್ತೆ ಓದುತ್ತಿದ್ದಳು.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಎದ್ದು ರೇಡಿಯೋ ಆರಿಸಿದಳು.

"ರೀ, ಆ ಪುಸ್ತಕ ನಾನು ಬಿಟ್ಟು ಬಿಟ್ಟು ಓದಿದೆ. ತುಂಬಾ ಬಿಟ್ಟೆ."

"ಗೊತ್ತಾಯ್ತು." ಅವನು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಸಾಕಾಗಿದೆ ಅಂತ ಹೇಳಿದ್ರೆ ಆಗ್ತಿತ್ತು. ನಾನು ಸುಮ್ನೆ ಅಡುಗೆ ಮಾಡ್ಕೋತಿದ್ದೆ."

"ಸಾಕಾಗಿದ್ದಲ್ಲ ರೀ. ಮುಂದೇನಾಯ್ತು ಅಂತ ಆತುರ. ನೀವು ಬೇರೆ ಮಧ್ಯೆ ಮಧ್ಯೆ ಕೇಳ್ತಾನೇ ಇರ್ತಿದ್ರಿ."

"ಹ್ಞೂಂ." ಹೆಚ್ಚಿದ ಬೀನ್ಸನ್ನು ಬಾಣಲೆಗೆ ಸುರಿಯುತ್ತಾ ಹೇಳಿದ, "ಅಂಗಡಿಗೆ ಬಂದೋರಿಗೆಲ್ಲ ಆ ಕತೆ ಹೇಳಿದ್ದೆ ಕಣೆ. ಗಡಿಯಾರ ಬಿಚ್ಚೋವಾಗ ಸುಮ್ನೆ ಕೂತಿರ್ತಾರಲ್ಲ. ಕತೆ ಚೆನ್ನಾಗಿದೆ, ಆದ್ರೆ ಬರೆದೋನಿಗೆ ಸೇತುವೆ ಹ್ಯಾಗೆ ಕಟ್ತಾರೆ ಗೊತ್ತಿಲ್ಲ ಅಂತ ಬೇರೆ ಹೇಳಿದ್ದೆ."

ಅವಳಿಗೆ ಅಳು ಬಂತು. ಅವನಿಂದ ಅವಳು ಕಿತ್ತುಕೊಂಡದ್ದು ಐವತ್ತು ಪುಟವನ್ನಷ್ಟೇ ಅಲ್ಲ. ಯಾರ್ಯಾರದೋ ಎದುರು ಕೂತು ಅವನು ಖುಷಿಯಿಂದ ಆಡಿದ ಮಾತುಗಳನ್ನೂ ಸುಳ್ಳಾಗಿಸಿದ್ದಳು.

"ಈಗ ಓದ್ಲಾ? ಸೇತುವೆ ಭಾಗ?"

"ನಿನ್ನಿಷ್ಟ."

ಅವಳು ಓದಿದಳು. ಹೊಳೆಗೆ ಅಡ್ಡ ಕಟ್ಟಿದ್ದನ್ನು, ಕಂಬ ಇಳಿಸಿದ್ದನ್ನು, ರಾಟೆ ಸಿಕ್ಕಿಕೊಂಡು ಮೂರು ದಿನ ಕೆಲಸ ನಿಂತದ್ದನ್ನು. ಮೊದಲ ಸಲ ಅವಳಿಗೇ ಅದು ಎಷ್ಟು ಚೆನ್ನಾಗಿದೆ ಎನ್ನಿಸಿತು. ಅವನು ಬೆನ್ನು ಹಾಕಿ ನಿಂತು ಬೀನ್ಸ್ ಬಾಡಿಸುತ್ತಿದ್ದ. ರಾಟೆಯ ಹತ್ತಿರ ಅವಳು ಬೇಕೆಂದೇ ನಿಲ್ಲಿಸಿ ಕಾದಳು. ಮೊದಲಾಗಿದ್ದರೆ ಸೌಟು ಹಿಡಿದು ತಿರುಗುವ ಜಾಗ ಅದು.

"ಗೊತ್ತಾಗ್ತಿದೆಯಾ ರೀ?"

"ಹ್ಞೂಂ, ಓದು."

ಅಧ್ಯಾಯ ಮುಗಿದಾಗ ಅವನು ಉರಿ ಆರಿಸಿ, ತಟ್ಟೆ ಇಡುತ್ತಾ ಮೆಲ್ಲಗೆ ಕೇಳಿದ, "ಏನೂ ಬಿಟ್ಟಿಲ್ಲ ತಾನೆ?"

ಚುಚ್ಚಲೆಂದು ಕೇಳಿದ್ದಲ್ಲ, ಅದು ಅವಳಿಗೂ ಗೊತ್ತಿತ್ತು. ಆ ದಿನದಿಂದ ಅವಳು ಪುಟ ಮಗುಚಿದಾಗಲೆಲ್ಲ ಅದರ ಸಂಖ್ಯೆಯನ್ನೂ ಗಟ್ಟಿಯಾಗಿ ಓದತೊಡಗಿದಳು. ಅದೇನೂ ಬೇಡ ಎಂದು ಅವನು ಒಂದು ಸಲ ಹೇಳಿದ. ಮತ್ತೆ ಹೇಳಲಿಲ್ಲ.