ಮೊನಜೈಟ್ ಹೇಳಿದ ಊರು

ಡಾ. ಚಿದಾನಂದಪ್ಪ ಬಳ್ಳಾರಿಯ ಕಾಲೇಜೊಂದರಲ್ಲಿ ಭೂವಿಜ್ಞಾನ ವಿಭಾಗದ ಮುಖ್ಯಸ್ಥ. ಇಪ್ಪತ್ತು ವರ್ಷ ಗುಡ್ಡಗಳ ಪಾಠ ಮಾಡಿಯೂ ಬಿಸಿಲಿಗೆ ಹೆದರಿ ಒಂದನ್ನೂ ಹತ್ತದ ಮನುಷ್ಯ. ಅಂಥವರು ಒಂದು ದಿನ ಕೆಂಪು ಹರಳು ತುಂಬಿದ ಕಲ್ಲಿನ ತುಂಡುಗಳನ್ನು ಸಂಶೋಧನಾ ವಿದ್ಯಾರ್ಥಿನಿ ಶಬಾನಾಳ ಮೇಜಿನ ಮೇಲೆ ಸುರಿದರು.

"ಕುರುಗೋಡು ಗುಡ್ಡದಾಗ ಸಿಕ್ಕಾವ. ಭೂಮಿ ಆಳದಾಗ ಬೆಂದು ರೂಪ ಬದಲಾದ ಕಲ್ಲು. ಈ ಸೀಮ್ಯಾಗ ಇಂಥದ್ದು ಯಾರೂ ಕಂಡಿಲ್ಲ. ವಯಸ್ಸು ತಗಿ. ಲೇಖನದಾಗ ನಿನ್ನ ಹೆಸರೂ ಹಾಕ್ತೀನಿ, ಕೊನೀಗೆ."

ಶಬಾನಾ ಕಲ್ಲನ್ನು ಪುಡಿ ಮಾಡಿ, ಸಾಸಿವೆಗಿಂತ ಸಣ್ಣ ಎರಡು ಬಗೆಯ ಖನಿಜದ ಕಣಗಳನ್ನು ಹೆಕ್ಕಿದಳು. ಜಿರ್ಕಾನ್ ಎಂಥ ಕಾವಿನಲ್ಲೂ ತನ್ನ ಹಳೆಯ ವಯಸ್ಸನ್ನು ಒಡಲಲ್ಲಿ ಉಳಿಸಿಕೊಳ್ಳುತ್ತದೆ. ಮೊನಜೈಟ್ ಕಲ್ಲು ಬೆಂದ ಕಾಲವನ್ನು ಹೇಳುತ್ತದೆ. ಜಿರ್ಕಾನ್ ಇನ್ನೂರು ಕೋಟಿ ವರ್ಷ ಎಂದಿತು. ಮೊನಜೈಟ್ ಐವತ್ತೈದು ಕೋಟಿ ಎಂದಿತು. ಆ ಹೊತ್ತಿಗೆ ಬಳ್ಳಾರಿಯ ನೆಲ ತಣ್ಣಗಾಗಿ ಯುಗಗಳೇ ಕಳೆದಿದ್ದವು.

"ಸರ್, ಇದು ನಮ್ಮ ಕಡೀ ಕಲ್ಲಲ್ಲರಿ. ಆಗ ಬೆಂದಿದ್ದು ಕೇರಳದ ಕಡೀ ನೆಲ."

"ಮೊನಜೈಟ್ ಬಿಡು. ಜಿರ್ಕಾನ್ ಅಷ್ಟ ಬರಿ. ಕೌಲ್ ಬಜಾರಿನ ವೆಲ್ಡಿಂಗ್ ಅಂಗಡಿಯವರ ಮಗಳು ನನಗ ಹೇಳಾಕ ಬರಬ್ಯಾಡ."

ಸರ್ ಗುಡ್ಡದ ಯಾವ ಕಡೆ ಕಲ್ಲು ಹೆಕ್ಕಿದರೆಂದು ಅವಳು ವಿಭಾಗದ ಜೀಪು ಓಡಿಸುವ ಹಂಪಯ್ಯನನ್ನು ಕೇಳಿದಳು. ಅವನು ನಕ್ಕುಬಿಟ್ಟ.

"ಗುಡ್ಡ ಎಲ್ಲೀದವ್ವಾ? ಕುರುಗೋಡಿನಾಗ ಜೀಪಿನಾಗ ಕುಂತ ಮಿರ್ಚಿ ತಿಂದ್ರು. ಕಲ್ಲು ಸಿರುಗುಪ್ಪದ್ದು, ಅವರ ಬೀಗರ ಮನೀದು."

ಭಾನುವಾರ ಶಬಾನಾ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದಳು. ಬೀಗಿತಿ ಸುಧಾರಾಣಿ ಹೊಸ ಅಡುಗೆಕಟ್ಟೆಯನ್ನು ಸೀರೆಯ ಸೆರಗಿನಿಂದ ಒರೆಸಿ ತೋರಿಸಿದರು. ಅದೇ ಕೆಂಪು ಹರಳು, ಪಾಲಿಶ್ ಆಗಿ ಫಳಫಳ ಹೊಳೆಯುತ್ತಿತ್ತು.

"ಕೇರಳದ ಕಡಿಂದ ತರಿಸೀವಿ ನೋಡವ್ವ. ಉಳಿದ ಚೂರು ನಿಮ್ಮ ಸರ್ ಒಯ್ದ್ರು, ತುಳಸಿಕಟ್ಟಿಗೆ ಬೇಕಂತ."

ಶಬಾನಾಳಿಗೆ ಸಿಟ್ಟು ಬರಲಿಲ್ಲ. ಈ ಮನುಷ್ಯನಿಗೆ ಎರಡು ವರ್ಷ ಎದ್ದು ನಿಂತು ನಮಸ್ಕಾರ ಮಾಡಿದ್ದಕ್ಕೆ ಹೇಸಿಗೆಯಾಯಿತು. ಮರುದಿನ ಲೇಖನದಿಂದ ತನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟಳು. ಚಿದಾನಂದಪ್ಪ ಅದನ್ನು ಓದದೆ ಡ್ರಾಯರಿಗೆ ಹಾಕಿದರು.

ವಿಚಾರ ಸಂಕಿರಣದಲ್ಲಿ ಶಾಲು ಹೊದ್ದು 'ಕುರುಗೋಡಿನ ಮಹಾಶೋಧ' ಓದಿದರು. ಹೊರಗಿನಿಂದ ಬಂದ ತಜ್ಞೆಯೊಬ್ಬರು ಕೇಳಿದರು: "ಮೊನಜೈಟ್ ಏನು ಹೇಳುತ್ತದೆ?"

"ಅದು ಈ ಹುಡುಗಿ ಕೆಲಸ. ತಪ್ಪಿದ್ದರೆ ಅವಳನ್ನೇ ಕೇಳಿ."

ಶಬಾನಾ ಎದ್ದಳು. "ಮೊನಜೈಟ್ ಸರಿಯಾಗೇ ಹೇಳೈತ್ರಿ. ಇದು ಸಿರುಗುಪ್ಪದ ಮನಿಯೊಂದರ ಅಡುಗಿಕಟ್ಟಿ ಕಲ್ಲು. ಸರ್ ಗುಡ್ಡ ಹತ್ತಿಲ್ಲ. ಹತ್ತೀನಿ ಅಂದರ ಜಾಗ ತೋರಿಸಲಿ, ಎಲ್ಲರೂ ಹೋಗೋಣು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಚಿದಾನಂದಪ್ಪ ನೀರು ಕುಡಿದರು, ಬೆವರು ಒರೆಸಿದರು, ಮಾದರಿಗಳು ಅದಲುಬದಲಾಗಿರಬಹುದು ಎಂದು ಗೊಣಗಿದರು. ಲೇಖನ ಹಿಂದಕ್ಕೆ ಬಂತು. ಕುರ್ಚಿ ಮಾತ್ರ ಹೋಗಲಿಲ್ಲ.

ಶಬಾನಾಳಿಗೆ ಬೇರೆ ಮಾರ್ಗದರ್ಶಕರು ಸಿಗುವಷ್ಟರಲ್ಲಿ ಒಂದು ವರ್ಷ ಹಾಳಾಯಿತು. ಆಮೇಲೆ ಅವಳೇ ಗುಡ್ಡ ಹತ್ತಿ ಕಲ್ಲು ತಂದಳು. ಇನ್ನೂರೈವತ್ತು ಕೋಟಿ ವರ್ಷ. ಎಲ್ಲರೂ ಬಲ್ಲ ಸಂಗತಿ. ಹಾಗೆಂದೇ ಬರೆದಳು. ಈಗ ಹೊಸಬರ ಮುಂದೆ ಚಿದಾನಂದಪ್ಪ ಹೇಳುತ್ತಾರೆ: "ನಮ್ಮ ಶಬಾನಾ, ನಾನ ತಯಾರು ಮಾಡಿದ ಹುಡುಗಿ." ಅವಳು ನಿಲ್ಲದೆ ಮುಂದೆ ಹೋಗುತ್ತಾಳೆ.